ಬಲ್ಗೇರಿಯಾನ ಓದೋದು ಹೇಗೆ: ಹೆಸರಿನ ಬಾಲ ಹಿಡ್ಕೊಂಡು ಹೋಗಿ

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಮೇಡಂಗೆ, ಅನುವಾದ ಮಾಡಿದ ದೀಪಾ ಭಾಸ್ತಿಯವ್ರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಆವತ್ತು ಖುಷೀಲಿ ನಿದ್ದೆ ಬರ್ದೆ ಹಳೇ ವಿನ್ನರ್‌ಗಳ ಲಿಸ್ಟ್ ನೋಡ್ತಾ ಕೂತಿದ್ದೆ. ಕನ್ನಡಕ್ಕೆ ಅದೇ ಮೊದಲು. ಎರಡೇ ವರ್ಷ ಹಿಂದೆ, 2023ರಲ್ಲಿ, ಇನ್ನೊಂದು ಭಾಷೆಗೂ ಹಿಂಗೇ ಮೊದಲ ಸಲ ಬಂದಿತ್ತು, ಬಲ್ಗೇರಿಯನ್ನು. ಗಿಯೋರ್ಗಿ ಗೊಸ್ಪೊದಿನೊವ್ ಬರೆದು ಆಂಜೆಲಾ ರೋಡೆಲ್ ಇಂಗ್ಲಿಷಿಗೆ ತಂದ ಟೈಮ್ ಶೆಲ್ಟರ್. ನಂಗೆ ಆಗ ಬಲ್ಗೇರಿಯಾ ಅಂದ್ರೆ ಫುಟ್‌ಬಾಲ್, ಮೊಸರು, ಇಷ್ಟೇ. ತರಿಸ್ಕೊಂಡು ಓದಿದೆ, ಅರ್ಧ ಅರ್ಥ ಆಯ್ತು ಅರ್ಧ ತಲೆ ಮೇಲೆ ಹೋಯ್ತು, ಯಾಕಂದ್ರೆ ನಾನು ಬಾಗಿಲು ಬಿಟ್ಟು ಕಿಟಕಿಯಿಂದ ನುಗ್ಗಿದ್ದೆ. ಆಮೇಲೆ ಓದ್ತಾ ನೋಡ್ತಾ ಬಾಗಿಲು ಎಲ್ಲಿದೆ ಅಂತ ಗೊತ್ತಾಯ್ತು, ಅದನ್ನೇ ಇಲ್ಲಿ ಬರೀತಿದೀನಿ. ನಿಮಗೂ ಓದೋ ಆಸೆ ಇದ್ರೆ ಈ ದಾರೀಲಿ ಬನ್ನಿ.

ಒಂದೇ ಒಂದು ಟ್ರಿಕ್ಕು. ರಾಜರು, ಯುದ್ಧ, ಇಸವಿ ಇಂದ ಶುರು ಮಾಡ್ಬೇಡಿ. ಒಂದು ನೋಟ್‌ಬುಕ್ ತಗೊಳ್ಳಿ, ಸಿಕ್ಕಿದ ಪ್ರತಿ ಮನುಷ್ಯನಿಗೂ ಪ್ರತಿ ಊರಿಗೂ ಒಂದೊಂದು ಪುಟ ಕೊಡಿ, ಅವರಿಗೆ ಯಾವಾಗ ಯಾವ ಹೆಸರಿತ್ತು, ಯಾರು ಇಟ್ರು, ಯಾರು ಬದಲಾಯಿಸಿದ್ರು ಅಂತ ಬರ್ಕೊಂಡ್ಹೋಗಿ. ಆ ದೇಶದಲ್ಲಿ ನಾನು ಯಾರು, ಯಾರವನು ಅನ್ನೋ ಜಗಳ ಎಲ್ಲಾ ಕೊನೆಗೆ ಹೆಸರಿಗೇ ಬಂದು ನಿಲ್ಲತ್ತೆ.

ಮೊದಲು ಅಕ್ಷರ ಕಲೀರಿ, ಎರಡು ಸಂಜೆ ಸಾಕು. ಒಟ್ಟು 30 ಅಕ್ಷರ, ನಮ್ಮ ಒತ್ತಕ್ಷರ ಕಲಿತವರಿಗೆ ಇದು ಏನೂ ಅಲ್ಲ. ಇಂಗ್ಲಿಷಿನ ಪಿ ಥರ ಕಾಣೋದು ರ, ಎಚ್ ಥರ ಕಾಣೋದು ನ, ಬಿ ಥರ ಕಾಣೋದು ವ, ಸಿ ಥರ ಕಾಣೋದು ಸ. ಇಷ್ಟು ಗೊತ್ತಾದ್ರೆ ಅರ್ಧ ಬೋರ್ಡ್ ಓದ್ಬಹುದು. ನಂಗೆ ಮಜಾ ಅನ್ಸಿದ್ದು ಏನಂದ್ರೆ ದೇಶದ ಹೆಸರಲ್ಲೇ ಇರೋ ಮೊದಲ ಸ್ವರ ಇಂಗ್ಲಿಷರಿಗೆ ಬರೆಯಕ್ಕೇ ಬರಲ್ಲ, ಯು ಅಂತ ಏನೋ ಹಾಕ್ತಾರೆ, ನಮಗೆ ಅದು ಹೆಚ್ಚುಕಮ್ಮಿ ನಮ್ಮ ಅ. ಅವರು ಅನ್ನೋದು ಬಲ್ಗಾರಿಯಾ ಅಂತ, ನಮ್ಮ ಪೇಪರ್‌ನವ್ರು ಬಲ್ಗೇರಿಯಾ ಅಂತ ಬರೀತಾರೆ, ನಾನೂ ರೂಢಿಗೆ ಹಾಗೇ ಬರೀತಿದೀನಿ. ಇನ್ನೊಂದು ವಿಷ್ಯ, ಇದು ರಷ್ಯನ್ ಲಿಪಿ ಅಂತ ಬಾಯ್ತಪ್ಪಿನೂ ಹೇಳ್ಬೇಡಿ. ಇದರ ಹೆಸರು ಸಿರಿಲಿಕ್, ಇದು ರೂಪ ಪಡೆದಿದ್ದೇ ಬಲ್ಗೇರಿಯನ್ ಸಾಮ್ರಾಜ್ಯದ ಪ್ರೆಸ್ಲಾವ್‌ನಲ್ಲಿ, ಒಂಬತ್ತನೇ ಶತಮಾನದ ಕೊನೆಗೆ, ರಷ್ಯಾಗೆ ಹೋಗಿದ್ದು ಆಮೇಲೆ. ಪ್ರತಿ ವರ್ಷ ಮೇ 24ಕ್ಕೆ ಅಕ್ಷರದ ಹಬ್ಬನೇ ಮಾಡ್ತಾರೆ, ಸರ್ಕಾರಿ ರಜಾ ಬೇರೆ. 2007ರಲ್ಲಿ ಯುರೋಪಿಯನ್ ಯೂನಿಯನ್ ಸೇರಿದಾಗ ಲ್ಯಾಟಿನ್, ಗ್ರೀಕ್ ಜೊತೆ ಇದು ಅಲ್ಲಿನ ಮೂರನೇ ಲಿಪಿ ಆಯ್ತು, ಯೂರೋ ನೋಟಿನ ಮೇಲೂ ಬಂತು.

ಆಮೇಲೆ ಹೆಸರು ಓದೋದು ಕಲೀರಿ. ಅವರದ್ದು ಮೂರು ಭಾಗ: ಸ್ವಂತ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು. ಗಂಡಸಿಗೆ ಒವ್ ಅಥವಾ ಎವ್ ಬಾಲ, ಹೆಂಗಸಿಗೆ ಒವಾ ಅಥವಾ ಎವಾ. ಅಂದ್ರೆ ಅಣ್ಣ ಪೆಟ್ರೊವ್, ತಂಗಿ ಪೆಟ್ರೊವಾ, ವಿದೇಶಕ್ಕೆ ಹೋದ ಕೂಡ್ಲೇ ಇವರಿಬ್ಬರ ಸರ್‌ನೇಮ್ ಬೇರೆ ಬೇರೆ ಯಾಕೆ ಅಂತ ಆಫೀಸರ್ ಕೇಳ್ತಾನೆ. ಇನಿಷಿಯಲ್ ಇಟ್ಕೊಂಡು ಬೆಳೆದ ನಾವು, ಪಾಸ್‌ಪೋರ್ಟ್ ಫಾರ್ಮಲ್ಲಿ ಸರ್‌ನೇಮ್ ಅನ್ನೋ ಖಾಲಿ ಜಾಗ ನೋಡಿ ಅಪ್ಪನ ಹೆಸರು ಹಾಕ್ಲಾ ಊರ ಹೆಸರು ಹಾಕ್ಲಾ ಅಂತ ಒದ್ದಾಡಿದವ್ರಿಗೆ ಈ ಕಷ್ಟ ಬಿಡಿಸಿ ಹೇಳ್ಬೇಕಾಗಿಲ್ಲ.

ಈಗ ಓದು. ಗೊಸ್ಪೊದಿನೊವ್‌ನ ಕೊನೆಗಿಡಿ, ಮೊದಲು ಎಲಿಯಾಸ್ ಕನೆಟ್ಟಿ. 1981ರ ನೊಬೆಲ್, ಹುಟ್ಟಿದ್ದು 1905ರಲ್ಲಿ ಡ್ಯಾನ್ಯೂಬ್ ದಡದ ರೂಸೆಲಿ. ಆತ್ಮಕಥೆಯ ಮೊದಲ ಭಾಗ ದಿ ಟಂಗ್ ಸೆಟ್ ಫ್ರೀ, ಅದರಲ್ಲಿ ಆ ಊರಿನ ಅಧ್ಯಾಯಗಳಷ್ಟನ್ನೇ ಓದಿದ್ರೂ ಸಾಕು. ಆತ ಊರನ್ನ ರುಸ್ಚುಕ್ ಅಂತಾನೆ, ಆಟೊಮನ್, ಅಂದ್ರೆ ಹಳೇ ತುರ್ಕಿ ಸಾಮ್ರಾಜ್ಯದ ಕಾಲದ ಹೆಸರು (ನೋಟ್‌ಬುಕ್ಕಿಗೆ ಮೊದಲ ಎಂಟ್ರಿ). ಒಂದೇ ದಿನದಲ್ಲಿ ಏಳೆಂಟು ಭಾಷೆ ಕಿವಿಗೆ ಬೀಳ್ತಿತ್ತಂತೆ. ಮನೆಯವರು ಸ್ಪೇನಿಂದ 1492ರಲ್ಲಿ ಓಡಿಸಲ್ಪಟ್ಟ ಯಹೂದಿಗಳ ವಂಶ, ನಾಲ್ಕು ಶತಮಾನ ಕಳೆದ್ರೂ ಮನೇಲಿ ಹಳೇ ಸ್ಪ್ಯಾನಿಷ್ಷೇ ಮಾತು. ಕೆಲಸದ ಹುಡುಗೀರು ಬಲ್ಗೇರಿಯನ್, ಅಪ್ಪ ಅಮ್ಮ ಗುಟ್ಟು ಮಾತಾಡ್ಕೊಳ್ಳೋಕೆ ಜರ್ಮನ್. ಡ್ಯಾನ್ಯೂಬ್ ಮೇಲೆ ವಿಯೆನ್ನಾಗೆ ಯಾರಾದ್ರೂ ಹೊರಟ್ರೆ ಅವನು ಯುರೋಪಿಗೆ ಹೋಗ್ತಿದಾನೆ ಅಂತಿದ್ರಂತೆ, ಅಂದ್ರೆ ತಾವು ಇರೋದು ಯುರೋಪಲ್ಲ ಅಂತ ಅವರೇ ಅಂದ್ಕೊಂಡಿದ್ರು. ಆರನೇ ವಯಸ್ಸಿಗೆ ಮ್ಯಾಂಚೆಸ್ಟರ್, ಅಲ್ಲಿ ಅಪ್ಪ ಸತ್ತ, ಆಮೇಲೆ ಅಮ್ಮ ಬೈದು ಬೈದು ಜರ್ಮನ್ ಕಲಿಸಿದ್ಳು, ಜೀವನಪೂರ್ತಿ ಬರೆದಿದ್ದು ಅದರಲ್ಲೇ. ಕೆಲಸದ ಹುಡುಗೀರು ಬಲ್ಗೇರಿಯನ್‌ನಲ್ಲಿ ಹೇಳಿದ ಕಥೆಗಳು ಎಲ್ಲಾ ನೆನಪಿದಾವೆ ಆದ್ರೆ ಜರ್ಮನ್‌ನಲ್ಲಿ ನೆನಪಿದಾವೆ ಅಂತಾನಲ್ಲ, ಆ ಜಾಗಕ್ಕೆ ಬಂದಾಗ ಸ್ವಲ್ಪ ನಿಲ್ಲಿ. ಮನೇಲಿ ಒಂದು ಮಾತು ಸ್ಕೂಲಲ್ಲಿ ಇನ್ನೊಂದು ಅಂತ ಬೆಳೆದ ಯಾರಿಗಾದ್ರೂ ಅಲ್ಲಿ ಏನೋ ಚುಚ್ಚತ್ತೆ. ಹಾಗಾದ್ರೆ ಕನೆಟ್ಟಿ ಯಾವ ದೇಶದ ಸಾಹಿತಿ? ಈ ಪ್ರಶ್ನೆಗೆ ಉತ್ತರ ಬರೀದೆ ಪುಟ ಖಾಲಿ ಬಿಡಿ.

ಕನೆಟ್ಟಿ ಆದ್ಮೇಲೆ ನಗೋಕೆ ಬಾಯ್ ಗಾನ್ಯೊ. ಬಾಯ್ ಅಂದ್ರೆ ಹಿರಿಯ ಗಂಡಸನ್ನ ಕರೆಯೋ ರೀತಿ, ನಮ್ಮ ಅಣ್ಣ, ಅಣ್ಣಾವ್ರೆ ಇದ್ದಂಗೆ. ಅಲೆಕೊ ಕಾನ್‌ಸ್ತಾಂತಿನೊವ್ 1895ರಲ್ಲಿ ಪುಸ್ತಕ ಮಾಡಿದ. ಗುಲಾಬಿ ಎಣ್ಣೆ ಸೀಸೆ ಸೊಂಟಕ್ಕೆ ಸಿಗಿಸ್ಕೊಂಡು ಯುರೋಪ್ ಸುತ್ತೋ ವ್ಯಾಪಾರಿ ಕಥೆ, ತುರ್ಕಿ ಕಂಬಳಿ ತೆಗೆದು ಬೆಲ್ಜಿಯಂ ಕೋಟ್ ಹಾಕ್ಕೊಂಡ ಕೂಡ್ಲೇ ಈತ ಪಕ್ಕಾ ಯುರೋಪಿಯನ್ ಆದ ಅಂತ ಎಲ್ಲರೂ ಅಂದ್ರು ಅನ್ನೋದೇ ಶುರು. ಇವತ್ತಿಗೂ ಫ್ಲೈಟಲ್ಲಿ ಗಲಾಟೆ ಮಾಡೋ ತಮ್ಮ ದೇಶದವನ ಕಂಡ್ರೆ ಬಾಯ್ ಗಾನ್ಯೊ ಅಂತಾರೆ. ನಾಚಿಕೆ, ಪ್ರೀತಿ ಎರಡೂ ಒಂದೇ ಹೆಸರಲ್ಲಿ. ಅಂದಹಾಗೆ ಈ ನಾಚಿಕೆ ಹೊಸದಲ್ಲ, 1762ರಲ್ಲೇ ಪಾಯಿಸಿ ಅನ್ನೋ ಸನ್ಯಾಸಿ ತನ್ನ ಇತಿಹಾಸ ಪುಸ್ತಕದಲ್ಲಿ, ಎಲೋ ಮೂಢ, ಬಲ್ಗೇರಿಯನ್ ಅಂತ ಹೇಳ್ಕೊಳ್ಳೋಕೆ ನಾಚ್ಕೋತೀಯಲ್ಲ ಯಾಕೆ ಅಂತ ಬೈದಿದ್ದ, ಆಗಿನ್ನೂ ಆಟೊಮನ್ ಆಳ್ವಿಕೆ, ಅದು ಮುಗಿಯೋಕೆ 1878 ಬರ್ಬೇಕಿತ್ತು.

ಇನ್ನು ಮುಖ್ಯವಾದದ್ದು, ಇದನ್ನ ಅವಸರದಲ್ಲಿ ದಾಟ್ಬೇಡಿ. 1984ರ ಡಿಸೆಂಬರಲ್ಲಿ ತೊದೊರ್ ಝಿವ್ಕೊವ್‌ನ ಕಮ್ಯುನಿಸ್ಟ್ ಸರ್ಕಾರ ದೇಶದಲ್ಲಿದ್ದ ತುರ್ಕಿ ಜನರ ಹೆಸರು ಬದಲಾಯಿಸೋಕೆ ಶುರು ಮಾಡ್ತು. ಪೋಲೀಸು, ಸೈನ್ಯ ಹಳ್ಳಿ ಸುತ್ತುಗಟ್ಟಿ, ಲಿಸ್ಟ್ ಹಿಡ್ಕೊಂಡು, ಇದರಲ್ಲಿ ಒಂದು ಸ್ಲಾವಿಕ್, ಅಂದ್ರೆ ಬಲ್ಗೇರಿಯನ್ನರ ಥರದ, ಹೆಸರು ಆರಿಸ್ಕೋ ಅಂತ. ಕೆಲವೇ ತಿಂಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ. ಸತ್ತವರನ್ನೂ ಬಿಡ್ಲಿಲ್ಲ, ರಿಜಿಸ್ಟರ್‌ನಲ್ಲಿ ಅಜ್ಜ ಅಜ್ಜಿ ಹೆಸರೂ ತಿದ್ದಿದ್ರು. ಬೀದೀಲಿ ತುರ್ಕಿ ಮಾತಾಡಿದ್ರೆ ದಂಡ. ಇದಕ್ಕೆ ಸರ್ಕಾರ ಇಟ್ಟ ಹೆಸರು ಪುನರುಜ್ಜೀವನ ಪ್ರಕ್ರಿಯೆ! ಇವರೆಲ್ಲಾ ಮೂಲತಃ ಬಲ್ಗೇರಿಯನ್ನರೇ, ಮರೆತಿದ್ರು, ನಾವು ನೆನಪಿಸ್ತಿದೀವಿ ಅನ್ನೋ ವಾದ. 1989ರ ಬೇಸಿಗೇಲಿ ಪ್ರತಿಭಟನೆ ಎದ್ದಾಗ ಗಡಿ ಬಾಗಿಲು ತೆಗೆದ್ರು, ಮೇ ಕೊನೆಯಿಂದ ಆಗಸ್ಟ್ ಒಳಗೆ ಸುಮಾರು 3 ಲಕ್ಷ 60 ಸಾವಿರ ಜನ ಕಾರಿನ ಮೇಲೆ ಹಾಸಿಗೆ ಕಟ್ಕೊಂಡು ಟರ್ಕಿಗೆ ಹೋದ್ರು. ಕೊಟ್ಟಿದ್ದು ಟೂರಿಸ್ಟ್ ಪಾಸ್‌ಪೋರ್ಟ್, ಹಾಗಾಗಿ ಜನ ಅದಕ್ಕೆ ದೊಡ್ಡ ಪ್ರವಾಸ ಅಂತ ಕರೆದ್ರು. ಅದೇ ನವೆಂಬರ್ 10ಕ್ಕೆ ಝಿವ್ಕೊವ್ ಕುರ್ಚಿ ಹೋಯ್ತು, ಮಾರನೇ ವರ್ಷ ಹೆಸರು ವಾಪಸ್ ಪಡೆಯೋ ಕಾನೂನು ಬಂತು, ಹೋದವರಲ್ಲಿ ತುಂಬಾ ಜನ ವಾಪಸ್ಸೂ ಬಂದ್ರು. 2012ರಲ್ಲಿ ಅಲ್ಲಿನ ಸಂಸತ್ತೇ ಇದನ್ನ ಖಂಡಿಸಿ, ಆ ಓಡಿಸುವಿಕೆ ಜನಾಂಗೀಯ ಶುದ್ಧೀಕರಣ ಅಂತ ಒಪ್ಕೊಂಡಿತು.

ಅಂಕಿ ನೋಡಿ ತಲೆಗೆ ಹತ್ಲಿಲ್ಲ ಅಂದ್ರೆ ಒಬ್ಬ ಮನುಷ್ಯನ ಪುಟ ತೆಗೀರಿ. ಕರ್ಜಲಿ ಕಡೆಯ ಪ್ತಿಚಾರ್ ಅನ್ನೋ ಹಳ್ಳೀಲಿ ಹುಟ್ಟಿದ ಕುಳ್ಳ ಹುಡುಗ, ವೇಟ್‌ಲಿಫ್ಟರ್. ಹುಟ್ಟಿದಾಗ ನಾಯಿಮ್ ಸುಲೈಮಾನೊವ್. ಸರ್ಕಾರ ಮಾಡಿದ್ದು ನಾವುಮ್ ಶಲಮಾನೊವ್. 1986ರಲ್ಲಿ ಮೆಲ್ಬೋರ್ನ್‌ಗೆ ಸ್ಪರ್ಧೆಗೆ ಹೋದವನು ಅಲ್ಲಿಂದಲೇ ಟರ್ಕಿಗೆ ಪರಾರಿ, ನಾಯಿಮ್ ಸುಲೈಮಾನೋಲು ಆದ. ಒವ್ ಅಂದ್ರೆ ಇಂಥವರವನು, ಓಲು ಅಂದ್ರೆ ಮಗ, ಬಾಲ ಮಾತ್ರ ಬೇರೆ. 1988ರ ಸಿಯೋಲ್ ಒಲಿಂಪಿಕ್ಸಲ್ಲಿ 60 ಕೆಜಿ ವಿಭಾಗದಲ್ಲಿ 190 ಕೆಜಿ ತಲೆ ಮೇಲೆ ಎತ್ತಿ ಚಿನ್ನ, ತನ್ನ ತೂಕದ ಮೂರು ಪಟ್ಟಿಗಿಂತ ಜಾಸ್ತಿ! ಆ ಹಳೇ ವಿಡಿಯೋ ನೋಡುವಾಗ ಕಾಮೆಂಟರಿಲಿ ಅವನ ಯಾವ ಹೆಸರು ಹೇಳ್ತಾರೆ ಅಂತ ಕಿವಿ ಕೊಡಿ, ಅದೇ ನಿಮ್ಮ ಹೋಮ್‌ವರ್ಕು.

ಇದೇ ಗಡಿಯ ಇನ್ನೊಂದು ಮುಖ ಬೇಕಂದ್ರೆ ಕಾಪ್ಕಾ ಕಸ್ಸಾಬೊವಾ ಬರೆದ ಬಾರ್ಡರ್, 2017ರದ್ದು. ಸೋಫಿಯಾದಲ್ಲಿ ಹುಟ್ಟಿ, ಹದಿಹರೆಯ ಮುಗಿಯೋ ಹೊತ್ತಿಗೆ ಮನೆಯವರ ಜೊತೆ ನ್ಯೂಜಿಲೆಂಡ್‌ಗೆ ಹೋಗಿ, ಈಗ ಸ್ಕಾಟ್ಲೆಂಡಲ್ಲಿ ಕೂತು ಇಂಗ್ಲಿಷಲ್ಲಿ ಬರೀತಾಳೆ. ಬಲ್ಗೇರಿಯಾ, ಟರ್ಕಿ, ಗ್ರೀಸ್ ಸೇರೋ ಕಾಡಿನ ಪುಸ್ತಕ, ಒಂದು ಕಾಲದಲ್ಲಿ ಪೂರ್ವ ಜರ್ಮನಿ ಹುಡುಗರು ಇಲ್ಲಿ ಬೇಲಿ ದಾಟೋದು ಸುಲಭ ಅಂತ ನಂಬಿ ಬಂದು ಗುಂಡೇಟಿಗೆ ಸತ್ತ ಜಾಗ, ಈಚೆಗೆ ಸಿರಿಯಾದಿಂದ ಓಡಿ ಬಂದವರು ಅದೇ ಕಾಡಲ್ಲಿ ಉಲ್ಟಾ ದಿಕ್ಕಿಗೆ ನಡೀತಿರೋ ಜಾಗ. ನನ್ನ ಪ್ರಕಾರ ಒಂದೇ ಪುಸ್ತಕಕ್ಕೆ ಟೈಮ್ ಇದೆ ಅನ್ನೋರಿಗೆ ಇದು, ಬುಕರ್ ಬಂದಿದ್ದಲ್ಲ.

ಓದಕ್ಕೆ ಬೇಜಾರಾದ್ರೆ ಎರಡು ಫಿಲ್ಮ್. ಅದೆಲಾ ಪೀವಾ 2003ರಲ್ಲಿ ಮಾಡಿದ ಡಾಕ್ಯುಮೆಂಟರಿ, ಇಂಗ್ಲಿಷ್ ಹೆಸರು ಹೂಸ್ ಈಸ್ ದಿಸ್ ಸಾಂಗ್. ಇಸ್ತಾನ್‌ಬುಲ್‌ನಲ್ಲಿ ಬೇರೆ ಬೇರೆ ಬಾಲ್ಕನ್ ದೇಶದ, ಅಂದ್ರೆ ಬಲ್ಗೇರಿಯಾ ಮತ್ತು ಅದರ ಸುತ್ತಮುತ್ತಲ ದೇಶಗಳ, ಗೆಳೆಯರು ಊಟಕ್ಕೆ ಕೂತಿರ್ತಾರೆ, ಒಂದು ಹಾಡು ಬರತ್ತೆ, ಇದು ನಮ್ದು ಅಂತ ಎಲ್ಲರೂ. ಆಯಮ್ಮ ಕ್ಯಾಮೆರಾ ಹಿಡ್ಕೊಂಡು ದೇಶ ದೇಶ ಸುತ್ತಿ ಕೇಳ್ತಾಳೆ, ಒಂದು ಕಡೆ ಪ್ರೇಮಗೀತೆ ಇನ್ನೊಂದು ಕಡೆ ಯುದ್ಧದ ಹಾಡು, ನಗ್ತಾ ಶುರುವಾದ ಸಿನಿಮಾ ಹೆದರಿಕೆ ಹುಟ್ಟಿಸತ್ತೆ. ಇನ್ನೊಂದು 2008ರ ಸ್ಟೆಫಾನ್ ಕೊಮಾಂದರೆವ್ ಸಿನಿಮಾ, ಜರ್ಮನಿಗೆ ಓಡಿಹೋದ ಕುಟುಂಬದ ಹುಡುಗ ಆಕ್ಸಿಡೆಂಟಲ್ಲಿ ತನ್ನ ಹೆಸರನ್ನೇ ಮರೀತಾನೆ, ಊರಿಂದ ತಾತ ಬಂದು ಪಗಡೆ ಥರದ ಬ್ಯಾಕ್‌ಗ್ಯಾಮನ್ ಆಡಿಸ್ತಾ ನೆನಪು ವಾಪಸ್ ತರ್ತಾನೆ. ಇಲಿಯಾ ತ್ರೊಯಾನೊವ್ ಕಾದಂಬರಿ ಆಧಾರ, ಅವನೂ ಆರನೇ ವಯಸ್ಸಲ್ಲಿ ಊರು ಬಿಟ್ಟವನೇ, ಜರ್ಮನ್‌ನಲ್ಲಿ ಬರೀತಾನೆ, ಕೆಲವು ವರ್ಷ ನಮ್ಮ ಮುಂಬೈಲೂ ಇದ್ದ. ತಾತ ಮೊಮ್ಮಗ ಸೈಕಲ್ಲಲ್ಲಿ ಹೋಗೋ ಭಾಗ ಸ್ವಲ್ಪ ಸಿಹಿ ಜಾಸ್ತಿ, ಆದ್ರೂ ನೋಡಿ.

ರೇಡಿಯೋ ಬಗ್ಗೆ ಒಂದೇ ಮಾತು. ಗಿಯೋರ್ಗಿ ಮಾರ್ಕೊವ್ ಅಂತ ಲೇಖಕ, ದೇಶ ಬಿಟ್ಟು ಲಂಡನ್‌ನಿಂದ ಬಿಬಿಸಿ, ರೇಡಿಯೋ ಫ್ರೀ ಯುರೋಪ್ ಮೂಲಕ ಊರಿನವರಿಗೆ ಊರಿನ ಕಥೆ ಹೇಳ್ತಿದ್ದ, 1978ರ ಸೆಪ್ಟೆಂಬರಲ್ಲಿ ವಾಟರ್‌ಲೂ ಬ್ರಿಡ್ಜ್ ಹತ್ರ ಬಸ್ಸಿಗೆ ಕಾಯ್ತಿದ್ದಾಗ ಕಾಲಿಗೆ ಏನೋ ಚುಚ್ಚಿದಂಗಾಯ್ತು, ನಾಲ್ಕು ದಿನಕ್ಕೆ ಸತ್ತ, ರೈಸಿನ್ ವಿಷ. ಊರು ಬಿಟ್ರೂ ಊರಿನ ಸರ್ಕಾರ ಬಿಡ್ಲಿಲ್ಲ.

ಒಂದು ಎಚ್ಚರಿಕೆ. ಎರಡನೇ ಮಹಾಯುದ್ಧದ ವಿಷಯ ಬಂದ್ರೆ ನಮ್ಮ ಯಹೂದಿಗಳನ್ನ ನಾವು ಉಳಿಸಿದ್ವಿ ಅಂತ ಬಲ್ಗೇರಿಯನ್ನರು ಹೆಮ್ಮೆಯಿಂದ ಹೇಳ್ತಾರೆ. ನಿಜ, ಚರ್ಚಿನ ಹಿರಿಯರು, ದಿಮಿತರ್ ಪೆಶೆವ್ ಥರದ ಸಂಸದರು 1943ರಲ್ಲಿ ಅಡ್ಡ ನಿಂತ್ರು, ಸುಮಾರು 48 ಸಾವಿರ ಜನ ಉಳಿದ್ರು. ಅದೇ 1943ರಲ್ಲಿ ಬಲ್ಗೇರಿಯಾ ಹಿಡಿದಿಟ್ಕೊಂಡಿದ್ದ ಥ್ರೇಸ್, ಮ್ಯಾಸಿಡೋನಿಯಾ, ಪಿರೋಟ್‌ನಿಂದ 11,343 ಜನರನ್ನ ಬಲ್ಗೇರಿಯದ ಆಡಳಿತವೇ ಹಿಡಿದು ರೈಲು ಹತ್ತಿಸ್ತು, ಟ್ರೆಬ್ಲಿಂಕಾ ಅನ್ನೋ ನಾಜಿಗಳ ಸಾವಿನ ಶಿಬಿರಕ್ಕೆ. ನೋಟ್‌ಬುಕ್ಕಲ್ಲಿ ಎರಡು ಸಂಖ್ಯೆನೂ ಒಂದೇ ಸಾಲಲ್ಲಿ ಬರೀರಿ.

ಇಷ್ಟಾದ್ಮೇಲೆ ಟೈಮ್ ಶೆಲ್ಟರ್ ತೆಗೀರಿ. ಜ್ಯೂರಿಕ್‌ನಲ್ಲಿ ಮರೆವಿನ ಕಾಯಿಲೆಯವ್ರಿಗೆ ಕ್ಲಿನಿಕ್, ಒಂದೊಂದು ಮಹಡಿ ಒಂದೊಂದು ದಶಕದ ಥರ ಜೋಡಿಸಿರ್ತಾರೆ, ಆಮೇಲೆ ಆರೋಗ್ಯವಾಗಿರೋರಿಗೂ ಹಳೇದೇ ಬೇಕನ್ಸಿ ದೇಶದೇಶಗಳು ಯಾವ ದಶಕಕ್ಕೆ ವಾಪಸ್ ಹೋಗೋಣ ಅಂತ ವೋಟ್ ಹಾಕ್ತಾವೆ. ಬಲ್ಗೇರಿಯಾದಲ್ಲಿ ಒಂದು ಪಾರ್ಟಿಗೆ ಕಮ್ಯುನಿಸ್ಟ್ ಕಾಲ ಬೇಕು, ಇನ್ನೊಂದಕ್ಕೆ ತುರ್ಕಿಯರ ವಿರುದ್ಧ ಎದ್ದ ವೀರರ ಕಾಲ. ಮೊದಲ ಸಲ ನಂಗೆ ತಲೆ ಮೇಲೆ ಹೋಗಿದ್ದು ಈ ಭಾಗವೇ. 1980ರ ದಶಕದ ಕೊನೆಗೆ 90 ಲಕ್ಷದ ಹತ್ರ ಇದ್ದ ಜನಸಂಖ್ಯೆ 2021ರ ಗಣತೀಲಿ 65 ಲಕ್ಷ, ಅಂದ್ರೆ ಬೆಂಗಳೂರಿಗಿಂತ ಕಮ್ಮಿ, ಹುಟ್ಟೋರು ಕಮ್ಮಿ ಹೋಗೋರು ಜಾಸ್ತಿ, ಅಂಥಾ ದೇಶದಲ್ಲಿ ಹಿಂದಕ್ಕೆ ಹೋಗೋಣ ಅನ್ನೋ ಜೋಕ್ ಎಷ್ಟು ಜೋಕು ಅಂತ ಎರಡನೇ ಓದಿಗೆ ಗೊತ್ತಾಯ್ತು.

ಕೊನೇದು, ನಿಜವಾದ ಬಲ್ಗೇರಿಯನ್ ಸಿಕ್ಕಿದ್ರೆ. ಅವರು ಹೌದು ಅನ್ನೋಕೆ ತಲೆ ಅಡ್ಡಡ್ಡ ಆಡಿಸ್ತಾರೆ, ಇಲ್ಲ ಅನ್ನೋಕೆ ಮೇಲೆ ಕೆಳಗೆ. ನನ್ನ ಟೀಮಲ್ಲಿ ಒಬ್ಬ ಇದ್ದ, ನಾನು ನಮ್ಮ ಮಾಮೂಲಿ ಥರ ತಲೆ ಓಲಾಡಿಸ್ದೆ, ಅವನು ಅವನ ಥರ ಆಡಿಸ್ದ, ಕಾಲ್ ಮುಗಿದ್ಮೇಲೆ ಯಾರು ಏನು ಒಪ್ಕೊಂಡ್ರು ಅಂತ ಮ್ಯಾನೇಜರ್‌ಗೆ ಗೊತ್ತಾಗ್ಲಿಲ್ಲ. ಬಾಯಿ ನೋಡಿ, ದಾ ಅಂದ್ರೆ ಹೌದು, ನೆ ಅಂದ್ರೆ ಇಲ್ಲ. ಪಕ್ಕದ ದೇಶದ ಮ್ಯಾಸಿಡೋನಿಯನ್ ಬಲ್ಗೇರಿಯನ್‌ಗಿಂತ ಬೇರೆ ಭಾಷೆನಾ ಅಂತ ಮೊದಲ ಭೇಟೀಲಿ ಕೇಳ್ಬೇಡಿ, ಆ ಜಗಳಕ್ಕೆ 2020ರಲ್ಲಿ ನಾರ್ತ್ ಮ್ಯಾಸಿಡೋನಿಯಾದ ಯುರೋಪಿಯನ್ ಯೂನಿಯನ್ ಮಾತುಕತೆಗೇ ಬಲ್ಗೇರಿಯಾ ವೀಟೋ ಹಾಕಿತ್ತು.

ಕೇಳೋದಾದ್ರೆ ನಿನ್ನ ಹೆಸರಿನ ದಿನ ಯಾವಾಗ ಅಂತ ಕೇಳಿ. ಒಂದೊಂದು ಹೆಸರಿಗೂ ಕ್ಯಾಲೆಂಡರಲ್ಲಿ ಒಂದು ದಿನ ಇದೆ, ಗಿಯೋರ್ಗಿಗೆ ಮೇ 6, ನಿಕೊಲಾಯ್‌ಗೆ ಡಿಸೆಂಬರ್ 6, ನಿಕೊಲಾಯ್ ಮನೇಲಾದ್ರೆ ಆವತ್ತು ಮೀನು ಗ್ಯಾರಂಟಿ. ಹೆಸರಿನ ದಿನಕ್ಕೆ ಯಾರೂ ಕರೆಯಲ್ಲ, ಕರೀದೆನೇ ಹೋಗ್ಬೇಕು, ಅದೇ ಪದ್ಧತಿ. ಬಾಗಿಲಲ್ಲಿ ಚೆಸ್ತಿತ್ ಇಮೆನ್ ದೆನ್ ಅನ್ನಿ. ಹೂವು ತಗೊಂಡ್ ಹೋಗೋದಾದ್ರೆ ಎಣಿಸಿ ತಗೊಳ್ಳಿ, ಮೂರು, ಐದು, ಏಳು ಹಿಂಗೆ, ಸಮ ಸಂಖ್ಯೆ ಹೂವು ಅಲ್ಲಿ ಸಾವಿನ ಮನೆಗೆ.