ಒತ್ತಕ್ಷರದ ಕೆಂಪಂಚು ಹೋಗಿದ್ದು ಹೀಗೆ

ಚಿತ್ರದುರ್ಗದ ಕೋಟೆಯ ಬಂಡೆಗಳೇ ಮಾತಾಡುವ, ಮನುಷ್ಯರೇ ಇಲ್ಲದ 24 ಪುಟದ ಕಾಮಿಕ್ಸ್ ನನ್ನದು. ಸ್ವಂತ ದುಡ್ಡಿನ ಪುಸ್ತಕ. ದಾವಣಗೆರೆಯ ಪ್ರೆಸ್ಸಿನಲ್ಲಿ ಮೊದಲ ಶೀಟ್ ನೋಡಿ ಎದೆ ಧಸಕ್ಕೆಂದಿತು. ಮಾತಿನ ಗುಳ್ಳೆಯಲ್ಲಿ ‘ಹೆಬ್ಬಂಡೆ’ಯ ಬ ಒತ್ತು ಕೆಂಪು-ನೀಲಿ ಅಂಚು ಕಟ್ಟಿಕೊಂಡು ಕಲಸಿಹೋಗಿತ್ತು. ಮಷಿನ್ ನಡೆಸುವ ಅಣ್ಣ ಭೂತಗನ್ನಡಿ ಕೊಟ್ಟು, “ನಿಮ್ಮ ಕಪ್ಪು ಒಂದು ಇಂಕಲ್ಲ ಸರ್, ನಾಲ್ಕು” ಅಂದರು.

ನಿಜ. ಆರ್‌ಜಿಬಿಯಲ್ಲಿ (ಪರದೆಯ ಕೆಂಪು-ಹಸಿರು-ನೀಲಿ ಬಣ್ಣ) ಬರೆದಿದ್ದೆ, ಸಿಎಂವೈಕೆಗೆ (ಅಚ್ಚಿನ ನಾಲ್ಕು ಇಂಕು: ಸಯಾನ್, ಮಜೆಂಟಾ, ಹಳದಿ, ಕಪ್ಪು) ಬದಲಾಯಿಸುವಾಗ ಕಪ್ಪು ನಾಲ್ಕೂ ಇಂಕಿನ ಪ್ಲೇಟಿಗೆ ಹಂಚಿಹೋಗಿತ್ತು. ಕೂದಲೆಳೆಯಷ್ಟು ರಿಜಿಸ್ಟರ್, ಅಂದರೆ ಪ್ಲೇಟುಗಳ ಹೊಂದಾಣಿಕೆ, ತಪ್ಪಿದರೂ ಸಣ್ಣ ಒತ್ತಕ್ಷರ ಉಳಿಯುವುದಿಲ್ಲ.

ಅಕ್ಷರಗಳನ್ನೆಲ್ಲ ಬೇರೆ ಲೇಯರಿಗೆ ತಂದು, ಕೆ (ಕಪ್ಪು ಇಂಕು) ಶೇ. 100, ಉಳಿದ ಮೂರೂ 0 ಮಾಡಿ, ಓವರ್‌ಪ್ರಿಂಟ್ (ಕೆಳಗಿನ ಬಣ್ಣ ಕತ್ತರಿಸದೆ ಅದರ ಮೇಲೆಯೇ ಅಚ್ಚಾಗುವುದು) ಕೊಟ್ಟೆ. ಒಂದೊಂದು ಇಂಕನ್ನೂ ಬೇರೆಬೇರೆ ತೋರಿಸುವ ಸಪರೇಷನ್ ಪ್ರಿವ್ಯೂನಲ್ಲಿ ಕಪ್ಪನ್ನು ಆಫ್ ಮಾಡಿದರೆ ಗುಳ್ಳೆಗಳೆಲ್ಲ ಖಾಲಿ! ಅಕ್ಷರ ಈಗ ಒಂದೇ ಇಂಕಿನಲ್ಲಿದೆ ಅಂತ ಅಲ್ಲೇ ಧೈರ್ಯ ಬಂತು. ಮುಂದಿನ ಶೀಟಿನಲ್ಲಿ ಬ ಒತ್ತಿನ ಹೊಟ್ಟೆಯೊಳಗಿನ ಬಿಳಿಯೂ ಕಾಣುತ್ತಿತ್ತು.