ಡಾಂಬರಿನ ಗಟ್ಟಿತನ ಅಳೆಯುವುದು ಹೇಗೆ?

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವಷ್ಟರಲ್ಲಿ ಹವೆಯೇ ಬೇರೆ. ಡಾಂಬರು ಎರಡನ್ನೂ ತಾಳಬೇಕು. ಬಿಸಿಲಿಗೆ ಮೆತ್ತಗಾದರೆ ಲಾರಿ ಚಕ್ರದ ಜಾಡು ಬೀಳುತ್ತದೆ. ತೀರಾ ಗಟ್ಟಿಯಾದರೆ ಚಳಿಗೆ ಬಿರುಕು. ಇದನ್ನು ಮೊದಲೇ ತಿಳಿಯಲು ಪೆನಿಟ್ರೇಷನ್ ಟೆಸ್ಟ್ ಇದೆ, ಅಂದರೆ ಡಾಂಬರಿನೊಳಗೆ ಸೂಜಿ ಎಷ್ಟು ಆಳ ಇಳಿಯುತ್ತದೆ ಎಂದು ನೋಡುವ ಪರೀಕ್ಷೆ.

ಡಾಂಬರನ್ನು ಕಲಕುತ್ತಾ, ಸುರಿಯಲು ಬರುವಷ್ಟು ಮಾತ್ರ ಬಿಸಿ ಮಾಡಿ. ಜಾಸ್ತಿ ಕಾಯಿಸಿದರೆ ಅದೇ ಗಟ್ಟಿಯಾಗಿ ಲೆಕ್ಕ ತಪ್ಪುತ್ತದೆ. ಗುಳ್ಳೆ ಉಳಿಯದಂತೆ ಚಪ್ಪಟೆ ತಳದ ಬಟ್ಟಲಿಗೆ ಸುರಿದು, ಧೂಳು ಬೀಳದಂತೆ ಮುಚ್ಚಿ, ಒಂದರಿಂದ ಒಂದೂವರೆ ತಾಸು ಆರಲು ಬಿಡಿ. ಆಮೇಲೆ 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮತ್ತೆ ಅಷ್ಟೇ ಹೊತ್ತು. ಇಲ್ಲಿ ಅವಸರ ಬೇಡವೇ ಬೇಡ. ಕಾರವಾರದ ಬೇಸಿಗೆಯಲ್ಲಿ ಕೋಣೆಯೇ 30 ಡಿಗ್ರಿ ದಾಟಿರುತ್ತದೆ. ನೀರು ಸ್ವಲ್ಪ ಬಿಸಿಯಾದರೂ ಸೂಜಿ ಹೆಚ್ಚು ಇಳಿಯುತ್ತದೆ, ಒಳ್ಳೆಯ ಡಾಂಬರೂ ಮೆತ್ತಗೆ ಕಾಣುತ್ತದೆ.

ಒಟ್ಟು 100 ಗ್ರಾಂ ಭಾರದ ಸೂಜಿಯ ತುದಿಯನ್ನು ಡಾಂಬರಿಗೆ ತಾಗಿಸಿ, 5 ಸೆಕೆಂಡು ಬಿಡಿ. ಇಳಿದ ಆಳವನ್ನು ಮಿಲಿಮೀಟರಿನ ಹತ್ತನೇ ಭಾಗದಲ್ಲಿ ಎಣಿಸುತ್ತಾರೆ. 6 ಮಿ.ಮೀ. ಇಳಿದರೆ 60. ಸಂಖ್ಯೆ ಚಿಕ್ಕದಾದಷ್ಟೂ ಡಾಂಬರು ಗಟ್ಟಿ. ಸೂಜಿ ಒರೆಸಿ, 10 ಮಿ.ಮೀ. ಬಿಟ್ಟು ಬಿಟ್ಟು ಮೂರು ಸಲ ನೋಡಿ ಸರಾಸರಿ ತೆಗೆಯಿರಿ.

ಹಿಂದೆ 60/70, 80/100 ಎಂಬ ದರ್ಜೆಗಳು ಬಂದದ್ದು ಈ ಸಂಖ್ಯೆಯಿಂದಲೇ. 2006ರಿಂದ ದರ್ಜೆ ಕೊಡುವುದು 60 ಡಿಗ್ರಿಯಲ್ಲಿ ಡಾಂಬರು ಎಷ್ಟು ಮಂದವಾಗಿರುತ್ತದೆ ಎಂಬುದರ ಮೇಲೆ. ಈ ದರ್ಜೆಗಳಿಗೆ ವಿಜಿ (ವಿಸ್ಕಾಸಿಟಿ ಗ್ರೇಡ್) ಎಂದು ಹೆಸರು. ಬಿಸಿಲಲ್ಲಿ ಕಾದ ರಸ್ತೆಗೆ ಅದೇ ಹತ್ತಿರದ ಲೆಕ್ಕ. ಆದರೂ ಸೂಜಿ ಪರೀಕ್ಷೆ ಹೋಗಿಲ್ಲ. ವಿಜಿ-10ಕ್ಕೆ ಕನಿಷ್ಠ 80, ವಿಜಿ-20ಕ್ಕೆ 60, ವಿಜಿ-30ಕ್ಕೆ 45, ವಿಜಿ-40ಕ್ಕೆ 35 ಬರಬೇಕು.

ನಮಗೆ ಯಾವುದು? ಹವೆ ಮಾತ್ರ ನೋಡಿದರೆ ವಿಜಿ-20 ಸಾಕು ಅನಿಸಬಹುದು. ಆದರೆ ಘಟ್ಟದ ಏರಿನಲ್ಲಿ ತುಂಬಿದ ಲಾರಿ ನಿಧಾನ ಸಾಗುತ್ತದೆ, ಭಾರ ಒಂದೇ ಕಡೆ ಹೆಚ್ಚು ಹೊತ್ತು ಬೀಳುತ್ತದೆ. ಅಂಥಲ್ಲಿ ವಿಜಿ-30ಕ್ಕಿಂತ ಮೆತ್ತಗಿನದು ಬೇಡ ಎಂಬುದು ನನ್ನ ಅಭಿಪ್ರಾಯ.

ಗಟ್ಟಿತನ ಸರಿ ಬಂತೆಂದು ಸುಮ್ನೆ ಕೂರುವಂತಿಲ್ಲ. ನಮ್ಮ ಕಡೆ ರಸ್ತೆ ಕೆಡಿಸುವುದು ಬಿಸಿಲಿಗಿಂತ ಮಳೆ, ಅಲ್ವಾ? ನೀರು ಒಳಗಿಳಿದು ಜಲ್ಲಿಯಿಂದ ಡಾಂಬರನ್ನು ಬಿಡಿಸುತ್ತದೆ. ಸೂಜಿಗೆ ಇದು ಗೊತ್ತಾಗುವುದಿಲ್ಲ. ಹಾಕಲಿರುವ ಜಲ್ಲಿಗೇ ಡಾಂಬರು ಬಳಿದು, 40 ಡಿಗ್ರಿ ನೀರಿನಲ್ಲಿ 24 ತಾಸು ಮುಳುಗಿಸಿ ನೋಡಿ. ಶೇ. 95ರಷ್ಟಾದರೂ ಅಂಟಿಕೊಂಡಿರಬೇಕು. ಇಲ್ಲದಿದ್ದರೆ ಜಲ್ಲಿ ಬದಲಿಸಬೇಕು, ಇಲ್ಲವೇ ಅರಳಿದ ಸುಣ್ಣದ ಪುಡಿ ಬೆರೆಸಿ ಮತ್ತೆ ಪರೀಕ್ಷಿಸಬೇಕು.