ಕಡಿಮೆ ದುಡ್ಡಿಗೆ ಆಡಿಯೊ ಎಡಿಟಿಂಗ್: ಪ್ಲಗಿನ್ ನೋಡಿ ಸಾಫ್ಟ್‌ವೇರ್ ಆರಿಸಿ

ನಮ್ಮ ಸೋದರತ್ತೆಗೆ ಬೀಸುವ ಪದಗಳು ಬಾಯಿಪಾಠ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅವರನ್ನು ರಾಗಿಕಲ್ಲಿನ ಮುಂದೆ ಕೂರಿಸಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮೇಲೆ ಫ್ಯಾನ್ ತಿರುಗುತ್ತಿತ್ತು. "ಇನ್ನೊಂದು ಹೇಳ್ಲಾ ಮಗಾ?" ಅಂತ ಕೇಳಿ ಕೇಳಿ ಹಾಡಿದರು. ಊರಿಂದ ಬಂದು ಲ್ಯಾಪ್‌ಟಾಪ್‌ಗೆ ಹಾಕಿ, ಸದ್ದು ತೆಗೆಯುವ ಆಯ್ಕೆ ಒತ್ತಿದೆ. ಫ್ಯಾನ್ ಸದ್ದು ಹೋಯಿತು. ಅದರ ಜೊತೆ ಕಲ್ಲು ತಿರುಗುವ ಗುರ್ ಸದ್ದೂ ಹೋಯಿತು. ಒಂದೇ ಸಮ ಬರುವ ಸದ್ದನ್ನೆಲ್ಲ ಸಾಫ್ಟ್‌ವೇರ್ ಕಸ ಎಂದುಕೊಳ್ಳುತ್ತದೆ. ನಾನು ಅದನ್ನು ಗಮನಿಸುವ ಮೊದಲೇ ಸೇವ್ ಮಾಡಿ ಮುಚ್ಚಿದ್ದೆ. ಜಾಗ ಸಾಲದು ಅಂತ ಮೊಬೈಲ್‌ನಲ್ಲಿದ್ದ ಮೂಲ ಫೈಲನ್ನೂ ಅಳಿಸಿದ್ದೆ. ಕಲ್ಲಿಲ್ಲದ ಬೀಸುವ ಪದ ಉಳಿಯಿತು.

ಆವತ್ತಿನಿಂದ ಯಾರಾದರೂ "ಯಾವ ಸಾಫ್ಟ್‌ವೇರ್ ತಗೊಳ್ಳಲಿ?" ಅಂತ ಕೇಳಿದರೆ ನಾನು ಮೊದಲು ಎರಡು ವಿಷಯ ಹೇಳುತ್ತೇನೆ. ನಿಮಗೆ ಬೇಕಾದ ಪ್ಲಗಿನ್ ಅದರಲ್ಲಿ ತೆರೆಯಬೇಕು. ಆ ಪ್ಲಗಿನ್ ಮೂಲ ಧ್ವನಿಯನ್ನು ಮುಟ್ಟದೆ ಮೇಲಿಂದ ಕೆಲಸ ಮಾಡಬೇಕು. ಬೆಲೆಯ ಮಾತು ಆಮೇಲೆ. ಈಗ ಈ ಎರಡೂ ಗುಣ ಇರುವ ಸಾಫ್ಟ್‌ವೇರ್ ಪುಕ್ಕಟೆಯಾಗಿ ಅಥವಾ ಐದಾರು ಸಾವಿರ ರೂಪಾಯಿಗೆ ಸಿಗುತ್ತದೆ.

ಪ್ಲಗಿನ್ ಎಂದರೆ ಸಾಫ್ಟ್‌ವೇರ್ ಒಳಗೆ ಕೂತು ಒಂದು ನಿರ್ದಿಷ್ಟ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ. ಒಂದು ಗದ್ದಲ ಇಳಿಸುತ್ತದೆ, ಇನ್ನೊಂದು ದನಿಯ ಏರಿಳಿತ ಸಮ ಮಾಡುತ್ತದೆ, ಮತ್ತೊಂದು ದೇವಸ್ಥಾನದ ಪ್ರಾಂಗಣದಲ್ಲಿ ಹಾಡಿದಂತೆ ಗುಂಗು ಕೊಡುತ್ತದೆ.

ಮೊದಲು ಕೆಲಸ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ನೀವು ಮಾಡುವ ಕೆಲಸವನ್ನು ಬರೆಯಿರಿ. ಕಥೆ ಓದಿ ಪಾಡ್‌ಕಾಸ್ಟ್ ಮಾಡುತ್ತೀರಾ? ಭಾವಗೀತೆ ಹಾಡಿ ತಬಲಾ, ಹಾರ್ಮೋನಿಯಂ ಸೇರಿಸುತ್ತೀರಾ? ಹಳೆಯ ಕ್ಯಾಸೆಟ್‌ನಲ್ಲಿರುವ ತಾಳಮದ್ದಳೆಯನ್ನು ಕಂಪ್ಯೂಟರ್‌ಗೆ ಇಳಿಸುತ್ತೀರಾ? ಈ ಮೂರಕ್ಕೂ ಬೇಕಾದ ಪ್ಲಗಿನ್ ಬೇರೆ ಬೇರೆ.

ಒಬ್ಬರೇ ಮಾತಾಡುವ ರೆಕಾರ್ಡಿಂಗ್‌ಗೆ ಗದ್ದಲ ಇಳಿಸುವುದು, ಈಕ್ಯೂ (ದಪ್ಪ, ತೆಳು ನಾದಗಳನ್ನು ಏರಿಸಿ ಇಳಿಸುವುದು), ಕಂಪ್ರೆಸರ್ (ಏರಿಳಿತ ಸಮ ಮಾಡುವುದು) ಮೂರಿದ್ದರೆ ಸಾಕು. ಹಾಡಿಗೆ ಗುಂಗು ಕೊಡುವ ಒಂದು ಒಳ್ಳೆ ರಿವರ್ಬ್ ಸೇರಿಸಿ. ಕೀಬೋರ್ಡ್ ಒತ್ತಿ ಪಿಟೀಲು, ಕೊಳಲಿನ ನಾದ ಹೊರಡಿಸಬೇಕೆಂದರೆ ವಾದ್ಯದ ಪ್ಲಗಿನ್ ಬೇಕು. ಇಲ್ಲಿ ಹುಷಾರು. ಧ್ವನಿ ತಿದ್ದುವ ಎಫೆಕ್ಟ್ ಪ್ಲಗಿನ್ ತೆರೆಯುವ ಎಲ್ಲ ಸಾಫ್ಟ್‌ವೇರ್‌ಗಳೂ ವಾದ್ಯದ ಪ್ಲಗಿನ್ ತೆರೆಯುತ್ತವೆ ಎಂದಲ್ಲ. ಪುಕ್ಕಟೆ ಸಿಗುವ ಆಡಾಸಿಟಿ 3 ಎಂಬ ಸಾಫ್ಟ್‌ವೇರ್ ಅವನ್ನು ತೆರೆಯುವುದಿಲ್ಲ.

ನಂತರ ಪ್ಲಗಿನ್‌ನ ಜಾತಿ ನೋಡಿ

ಚಾರ್ಜರ್‌ಗೆ ಪಿನ್ ಹೊಂದದಿದ್ದರೆ ಮೊಬೈಲ್ ಚಾರ್ಜ್ ಆಗುವುದಿಲ್ಲ ಅಲ್ವಾ? ಪ್ಲಗಿನ್‌ಗೂ ಹಾಗೇ ಬೇರೆ ಬೇರೆ ಪಿನ್‌ಗಳಿವೆ. ಹೆಚ್ಚು ಚಾಲ್ತಿಯಲ್ಲಿರುವುದು ವಿಎಸ್‌ಟಿ. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ಇದನ್ನು ತಂದಿತು. 2008ರಲ್ಲಿ ವಿಎಸ್‌ಟಿ3 ಬಂತು. ಹೊಸದಾಗಿ ಇಳಿಸಿಕೊಳ್ಳುವವರು ವಿಎಸ್‌ಟಿ3 ಇದ್ದರೆ ಅದನ್ನೇ ಆರಿಸಿ. ಆಪಲ್ ಕಂಪ್ಯೂಟರ್‌ಗಳದ್ದು ಎಯು ಎಂಬ ಬೇರೆ ಮಾದರಿ. ಲಿನಕ್ಸ್‌ನಲ್ಲಿ ಎಲ್‌ವಿ2 ಜಾಸ್ತಿ. ಸ್ಟುಡಿಯೊಗಳಲ್ಲಿ ಬಳಸುವ ಪ್ರೊ ಟೂಲ್ಸ್ ಎಂಬ ಸಾಫ್ಟ್‌ವೇರ್ ತೆರೆಯುವುದು ಎಎಎಕ್ಸ್ ಮಾತ್ರ. 2022ರಲ್ಲಿ ಬಂದ ಕ್ಲ್ಯಾಪ್ ಎಂಬುದು ಮುಕ್ತ ಮಾದರಿ, ಈಗೀಗ ಹರಡುತ್ತಿದೆ.

ಹಾಗಾಗಿ "ಪ್ಲಗಿನ್ ಸೌಲಭ್ಯ ಇದೆ" ಎಂಬ ಒಂದು ಸಾಲು ನೋಡಿ ನಂಬಬೇಡಿ. ಯಾವ ಜಾತಿಯ ಪ್ಲಗಿನ್ ಎಂದು ನೋಡಿ. ಗ್ಯಾರೇಜ್‌ಬ್ಯಾಂಡ್ ಆಪಲ್ ಕಂಪ್ಯೂಟರ್ ಇದ್ದವರಿಗೆ ಪುಕ್ಕಟೆ, ಚೆನ್ನಾಗಿಯೂ ಇದೆ. ಆದರೆ ಅದರಲ್ಲಿ ಎಯು ಮಾತ್ರ ತೆರೆಯುತ್ತದೆ. ಪ್ರೊ ಟೂಲ್ಸ್ ಇಂಟ್ರೊ ಕೂಡ ಪುಕ್ಕಟೆಯೇ. ಅದರಲ್ಲಿ ಧ್ವನಿಯ ಟ್ರ್ಯಾಕ್ (ಒಂದೊಂದು ರೆಕಾರ್ಡಿಂಗ್ ಕೂರುವ ಬೇರೆ ಬೇರೆ ಸಾಲು) 8 ಮಾತ್ರ, ಜೊತೆಗೆ ನೀವು ಇಳಿಸಿಕೊಂಡ ವಿಎಸ್‌ಟಿಗಳು ಅಲ್ಲಿ ಕಾಣಿಸುವುದೇ ಇಲ್ಲ.

32 ಬಿಟ್, 64 ಬಿಟ್ ವಿಷಯ ಇನ್ನೊಂದು ತೊಡಕು. ಹಳೆಯ ಪುಕ್ಕಟೆ ಪ್ಲಗಿನ್‌ಗಳಲ್ಲಿ ತುಂಬಾ 32 ಬಿಟ್‌ನವು. ಈಗಿನ ಸಾಫ್ಟ್‌ವೇರ್‌ಗಳು 64 ಬಿಟ್. ಸೇತುವೆ ಕಟ್ಟಿಕೊಡುವ ವ್ಯವಸ್ಥೆ ಇಲ್ಲದಿದ್ದರೆ ಹಳೆಯದು ತೆರೆಯುವುದಿಲ್ಲ. ಮುಂದೆ ಹೇಳುವ ರೀಪರ್ ಎಂಬ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಆ ಸೇತುವೆ ಕಟ್ಟುತ್ತದೆ, ಆಡಾಸಿಟಿ ಕಟ್ಟುವುದಿಲ್ಲ.

ಮೂಲ ಧ್ವನಿ ಉಳಿಯುತ್ತದೆಯೇ?

ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಎಡಿಟಿಂಗ್‌ನಲ್ಲಿ ಎರಡು ರೀತಿ ಇದೆ. ಒಂದರಲ್ಲಿ ಎಫೆಕ್ಟ್ ಹಾಕಿದ ಕೂಡಲೇ ಧ್ವನಿಯೇ ಬದಲಾಗುತ್ತದೆ. ಪ್ರಾಜೆಕ್ಟ್ ಮುಚ್ಚಿದ ಮೇಲೆ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ. ಇನ್ನೊಂದರಲ್ಲಿ ಪ್ಲಗಿನ್ ಟ್ರ್ಯಾಕ್‌ನ ಮೇಲೆ ಕನ್ನಡಕದ ಹಾಗೆ ಕೂರುತ್ತದೆ. ತೆಗೆದರೆ ಕೆಳಗಿನ ಧ್ವನಿ ಇದ್ದ ಹಾಗೇ ಇರುತ್ತದೆ. ಆರು ತಿಂಗಳ ನಂತರ ತೆರೆದು ಒಂದು ಗುಂಡಿ ತಿರುಗಿಸಬಹುದು.

ನಮ್ಮ ಸಂಗೀತಕ್ಕಂತೂ ಇದು ಬೇಕೇ ಬೇಕು. ತಂಬೂರಿ ಒಂದೇ ಸಮ ನುಡಿಯುತ್ತದೆ. ಗದ್ದಲ ತೆಗೆಯುವ ಪ್ಲಗಿನ್‌ಗೆ ಅದೂ ಫ್ಯಾನ್‌ನಂತೆಯೇ ಕೇಳಿಸುತ್ತದೆ. ಸಣ್ಣ ಸದ್ದನ್ನು ಕತ್ತರಿಸುವ ಗೇಟ್ ಹಾಕಿದರೆ ಹಾಡುಗಾರರು ಉಸಿರೆಳೆಯುವಾಗಲೆಲ್ಲ ಶ್ರುತಿ ಕಡಿದು ಬೀಳುತ್ತದೆ. ಇನ್ನೊಂದು ಉದಾಹರಣೆ. ದನಿಗೆ 80 ಹರ್ಟ್ಸ್‌ನಿಂದ ಕೆಳಗಿನದ್ದನ್ನು ಈಕ್ಯೂನಲ್ಲಿ ಕತ್ತರಿಸಿ ಅಂತ ಎಲ್ಲರೂ ಹೇಳುತ್ತಾರೆ. ದನಿಗೆ ಅದು ಸರಿ. ಆದರೆ ಸಿ ಶಾರ್ಪ್ ಶ್ರುತಿಯಲ್ಲಿ ಹಾಡುವ ಗಂಡಸರ ತಂಬೂರಿಯ ಮಂದ್ರ ಷಡ್ಜ ಸುಮಾರು 69 ಹರ್ಟ್ಸ್. ಎಲ್ಲ ಒಂದೇ ಟ್ರ್ಯಾಕ್‌ನಲ್ಲಿದ್ದರೆ ತಂಬೂರಿಯ ಬುಡವೇ ಕತ್ತರಿಸಿಹೋಗುತ್ತದೆ.

ಪರಿಹಾರ ಸುಲಭ. ಶ್ರುತಿಯನ್ನು ಒಂದು ಟ್ರ್ಯಾಕ್‌ನಲ್ಲಿ ಮೊದಲು ಹಾಕಿಕೊಳ್ಳಿ. ಅದನ್ನು ಇಯರ್‌ಫೋನ್‌ನಲ್ಲಿ ಕೇಳುತ್ತಾ ಇನ್ನೊಂದು ಟ್ರ್ಯಾಕ್‌ನಲ್ಲಿ ಹಾಡಿ. ಈಕ್ಯೂ, ಗೇಟ್ ಎಲ್ಲ ದನಿಯ ಟ್ರ್ಯಾಕ್‌ಗೆ ಮಾತ್ರ ಹಾಕಿ. ಸ್ವರ ತಿದ್ದುವ ಪ್ಲಗಿನ್‌ಗಳನ್ನು ರಾಗ ಹಾಡುವವರು ದೂರ ಇಟ್ಟರೇ ಒಳ್ಳೆಯದು. ಅವು ಸ್ವರವನ್ನು ಹಿಡಿದು ನಿಲ್ಲಿಸುತ್ತವೆ, ಗಮಕ ಸ್ವರವನ್ನು ಅಲುಗಾಡಿಸುತ್ತದೆ.

ಈಗ ಸಾಫ್ಟ್‌ವೇರ್‌ಗೆ ಬರೋಣ

ಆಡಾಸಿಟಿಯಿಂದ ಶುರು ಮಾಡಿ. ಇದು ಪೂರ್ತಿ ಪುಕ್ಕಟೆ, ಮುಕ್ತ ಸಾಫ್ಟ್‌ವೇರ್. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಹುಟ್ಟಿದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 2022ರಲ್ಲಿ ಬಂದ 3.2ನೇ ಆವೃತ್ತಿಯಿಂದ ವಿಎಸ್‌ಟಿ3 ತೆರೆಯುತ್ತದೆ, ಪ್ಲಗಿನ್‌ಗಳನ್ನು ಟ್ರ್ಯಾಕ್ ಮೇಲೆ ಕೂರಿಸಿ ಹಾಡು ನುಡಿಯುತ್ತಿರುವಾಗಲೇ ತಿದ್ದಬಹುದು. ಅದಕ್ಕಿಂತ ಹಳೆಯ ಆವೃತ್ತಿ ನಿಮ್ಮಲ್ಲಿದ್ದರೆ ಇವತ್ತೇ ಬದಲಿಸಿ. ಒಂದು ಎಚ್ಚರಿಕೆ: ಅದರೊಳಗೇ ಇರುವ ಗದ್ದಲ ಇಳಿಸುವ ಎಫೆಕ್ಟ್ ಇನ್ನೂ ಹಳೆಯ ರೀತಿಯದು, ಧ್ವನಿಯನ್ನೇ ಬದಲಿಸುತ್ತದೆ. ಅದನ್ನು ಬಳಸುವ ಮೊದಲು ಟ್ರ್ಯಾಕ್‌ನ ನಕಲು ಮಾಡಿಕೊಳ್ಳಿ. ಮಾತು, ಕಥೆ, ಸಂದರ್ಶನಕ್ಕೆ ಆಡಾಸಿಟಿ ಧಾರಾಳ ಸಾಕು.

ಹತ್ತಾರು ಟ್ರ್ಯಾಕ್, ವಾದ್ಯದ ಪ್ಲಗಿನ್ ಬೇಕೆನ್ನುವವರಿಗೆ ನಾನು ರೀಪರ್ ಎನ್ನುತ್ತೇನೆ. ಒಂದು ಕಾಲಕ್ಕೆ ಎಲ್ಲರ ಕಂಪ್ಯೂಟರ್‌ನಲ್ಲಿದ್ದ ವಿನ್ಆಂಪ್ ನೆನಪಿದೆಯಾ? ಅದನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಅವರೇ ಇದರ ಹಿಂದೆಯೂ ಇದ್ದಾರೆ. ವಿಎಸ್‌ಟಿ, ವಿಎಸ್‌ಟಿ3, ಎಲ್‌ವಿ2, ಕ್ಲ್ಯಾಪ್, ಮ್ಯಾಕ್‌ನಲ್ಲಿ ಎಯು, ಎಲ್ಲವೂ ತೆರೆಯುತ್ತವೆ. ಇಳಿಸಿಕೊಳ್ಳುವ ಫೈಲ್ ತುಂಬಾ ಚಿಕ್ಕದು. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. 60 ದಿನ ಯಾವ ಮಿತಿಯೂ ಇಲ್ಲದೆ ಬಳಸಿ ನೋಡಬಹುದು. ಸ್ವಂತ ಬಳಕೆಗೆ, ಅಥವಾ ಇದರ ಸಂಪಾದನೆ ವರ್ಷಕ್ಕೆ 20,000 ಡಾಲರ್ ದಾಟದವರಿಗೆ, ಬೆಲೆ 60 ಡಾಲರ್. ಅದಕ್ಕಿಂತ ಹೆಚ್ಚು ದುಡಿಯುವವರಿಗೆ 225 ಡಾಲರ್. ಸಾಫ್ಟ್‌ವೇರ್ ಎರಡೂ ಒಂದೇ. 7ನೇ ಆವೃತ್ತಿಗೆ ಕೊಂಡ ಲೈಸೆನ್ಸ್ 8.99ರವರೆಗೂ ನಡೆಯುತ್ತದೆ. ತಿಂಗಳು ತಿಂಗಳು ಕಟ್ಟುವ ಗೊಡವೆ ಇಲ್ಲ. ಅದರ ಮೆನುಗಳು ಮೊದಲ ವಾರ ತಲೆ ತಿನ್ನುತ್ತವೆ. ಆ ವಾರ ತಾಳಿಕೊಳ್ಳಿ.

ಉಳಿದವನ್ನು ಬೇಗ ಹೇಳುತ್ತೇನೆ. ಬ್ರೆಜಿಲ್‌ನ ಓಸೆನ್‌ಆಡಿಯೊ (ocenaudio) ಪುಕ್ಕಟೆ, ಹಗುರ, ವಿಎಸ್‌ಟಿ ತೆರೆಯುತ್ತದೆ. ಆದರೆ ಹಲವು ಟ್ರ್ಯಾಕ್ ಜೋಡಿಸಲಾಗದು. ವೇವ್‌ಫಾರ್ಮ್ ಫ್ರೀಯಲ್ಲಿ ಟ್ರ್ಯಾಕ್‌ಗೆ ಮಿತಿಯಿಲ್ಲ, ಸಿನಿಮಾ ಸಂಗೀತದ ಶೈಲಿಯಲ್ಲಿ ಕೆಲಸ ಮಾಡುವವರು ನೋಡಬಹುದು. ಲಿನಕ್ಸ್ ಇದ್ದರೆ ಆರ್ಡರ್ (Ardour) ಎಂಬ ಸಾಫ್ಟ್‌ವೇರ್ ಇದೆ. ವಿಡಿಯೊಗೇ ಧ್ವನಿ ತಿದ್ದುವವರಾದರೆ ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿಯಲ್ಲಿರುವ ಫೇರ್‌ಲೈಟ್ ಪುಟದಲ್ಲೇ ವಿಎಸ್‌ಟಿ ಬಳಸಬಹುದು.

ಕ್ರ್ಯಾಕ್ ಮಾಡಿದ ದುಬಾರಿ ಸಾಫ್ಟ್‌ವೇರ್ ಪೆನ್‌ಡ್ರೈವ್‌ನಲ್ಲಿ ಯಾರೋ ಕೊಡುತ್ತಾರೆ. ತೆಗೆದುಕೊಳ್ಳಬೇಡಿ. ಅದರ ಜೊತೆ ವೈರಸ್ ಬಂದರೆ ಹೋಗುವುದು ನಿಮ್ಮ ರೆಕಾರ್ಡಿಂಗ್‌ಗಳೇ.

ಪ್ಲಗಿನ್ ಇಳಿಸಿ, ಸ್ಕ್ಯಾನ್ ಮಾಡಿ

ಮೊದಲ ದಿನವೇ ಐವತ್ತು ಪ್ಲಗಿನ್ ತುಂಬಬೇಡಿ. ಮೂರು ಸಾಕು. ಈಕ್ಯೂಗೆ ಟಿಡಿಆರ್ ನೋವಾ, ಗುಂಗಿಗೆ ವಲ್ಹಾಲಾ ಸೂಪರ್‌ಮ್ಯಾಸಿವ್, ಧ್ವನಿಯ ಮಟ್ಟ ಅಳೆಯಲು ಯೂಲಿಯನ್ ಲೌಡ್‌ನೆಸ್ ಮೀಟರ್‌ನ ಪುಕ್ಕಟೆ ಆವೃತ್ತಿ. ಗದ್ದಲ ಇಳಿಸಲು ರೀಪರ್‌ನೊಳಗೇ ರಿಯಾಫರ್ ಇದೆ. ವಿಂಡೋಸ್‌ನಲ್ಲಿ ಬೇರೆ ಸಾಫ್ಟ್‌ವೇರ್ ಬಳಸುವವರು ರಿಯಾಪ್ಲಗ್ಸ್ ಎಂಬ ಪುಕ್ಕಟೆ ಕಟ್ಟಿನಲ್ಲಿ ಅದನ್ನು ಪಡೆಯಬಹುದು.

ವಿಂಡೋಸ್‌ನಲ್ಲಿ ವಿಎಸ್‌ಟಿ3ಗಳು ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್, ಅದರೊಳಗೆ ಕಾಮನ್ ಫೈಲ್ಸ್, ಅದರೊಳಗೆ ವಿಎಸ್‌ಟಿ3 ಫೋಲ್ಡರ್‌ಗೆ ಹೋಗುತ್ತವೆ. ಜಾಗ ಬದಲಿಸಬೇಡಿ. ಇನ್‌ಸ್ಟಾಲ್ ಆದರೂ ಪ್ಲಗಿನ್ ಕಾಣಿಸದಿದ್ದರೆ ಗಾಬರಿಯಾಗಬೇಡಿ. ಸೆಟ್ಟಿಂಗ್ಸ್‌ನಲ್ಲಿ ಪ್ಲಗಿನ್ ವಿಭಾಗಕ್ಕೆ ಹೋಗಿ ಮತ್ತೆ ಸ್ಕ್ಯಾನ್ ಮಾಡಿ. ಆಗಲೂ ಬರದಿದ್ದರೆ 32 ಬಿಟ್‌ನದ್ದಾ ಎಂದು ನೋಡಿ. ಕೆಲವು ಪ್ಲಗಿನ್‌ಗಳು ಲೈಸೆನ್ಸ್ ಪರಿಶೀಲಿಸಲು ಐಲಾಕ್ ಎಂಬ ಖಾತೆ ಕೇಳುತ್ತವೆ. ಇಂಟರ್ನೆಟ್ ಸರಿಯಾಗಿ ಸಿಗದ ಊರಿನಲ್ಲಿರುವವರು ಅದನ್ನು ಇನ್‌ಸ್ಟಾಲ್‌ಗೆ ಮೊದಲೇ ತಿಳಿದುಕೊಳ್ಳಿ.

ನಿಮ್ಮದೇ ಧ್ವನಿಯಲ್ಲಿ ಪರೀಕ್ಷೆ ಮಾಡಿ

ಬೇರೆಯವರ ವಿಡಿಯೊ ನೋಡಿ ತೀರ್ಮಾನ ಮಾಡಬೇಡಿ. ನಿಮ್ಮ ಕೋಣೆಯಲ್ಲಿ, ನಿಮ್ಮ ಮೈಕ್‌ನಲ್ಲಿ ಮೂರು ನಿಮಿಷ ರೆಕಾರ್ಡ್ ಮಾಡಿ. ಮೊದಲ ಹತ್ತು ಸೆಕೆಂಡ್ ಯಾರೂ ಮಾತಾಡದೆ ಸುಮ್ನೆ ಕೂರಿ. ಕೋಣೆಯ ಗದ್ದಲ ಮಾತ್ರ ಇರುವ ಆ ಹತ್ತು ಸೆಕೆಂಡೇ ಗದ್ದಲ ಇಳಿಸುವ ಪ್ಲಗಿನ್‌ಗೆ ಮಾದರಿ.

ಈಗ ಮೂರೂ ಪ್ಲಗಿನ್ ಹಾಕಿ ನುಡಿಸಿ. ಧ್ವನಿ ತಡವರಿಸುತ್ತಿದೆಯೇ? ಹಾಗಿದ್ದರೆ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಬಫರ್ (ಕಂಪ್ಯೂಟರ್ ಒಮ್ಮೆಗೆ ಎಷ್ಟು ಧ್ವನಿ ಹಿಡಿದುಕೊಳ್ಳುತ್ತದೆ ಎಂಬ ಅಳತೆ) ಅನ್ನು 256ರಿಂದ 512ಕ್ಕೆ ಅಥವಾ 1024ಕ್ಕೆ ಏರಿಸಿ. ರೆಕಾರ್ಡ್ ಮಾಡುವಾಗ ಮಾತ್ರ ಕಡಿಮೆ ಇರಲಿ. ಇಲ್ಲದಿದ್ದರೆ ನಿಮ್ಮ ದನಿ ನಿಮಗೇ ತಡವಾಗಿ ಕೇಳಿಸಿ ತಾಳ ತಪ್ಪುತ್ತದೆ. ವಿಂಡೋಸ್‌ನಲ್ಲಿ ಧ್ವನಿ ಬೇಗ ದಾಟಿಸುವ ಆಸಿಯೊ (ASIO) ಡ್ರೈವರ್ ಇದ್ದರೆ ಈ ತೊಂದರೆ ಎಷ್ಟೋ ಕಡಿಮೆಯಾಗುತ್ತದೆ.

ಆಮೇಲೆ ಪ್ರಾಜೆಕ್ಟ್ ಸೇವ್ ಮಾಡಿ, ಸಾಫ್ಟ್‌ವೇರ್ ಮುಚ್ಚಿ, ಕಂಪ್ಯೂಟರ್ ಆಫ್ ಮಾಡಿ. ಮರುದಿನ ತೆರೆಯಿರಿ. ಪ್ಲಗಿನ್‌ನ ಗುಂಡಿಗಳು ನೀವು ಬಿಟ್ಟ ಜಾಗದಲ್ಲೇ ಇವೆಯೇ? ಎಲ್ಲ ಪ್ಲಗಿನ್ ತೆಗೆದುಹಾಕಿ ಕೇಳಿ. ಮೂಲ ಧ್ವನಿ ಹಾಗೇ ಬರುತ್ತಿದೆಯೇ? ಕೊನೆಗೆ ಫೈಲ್ ಹೊರತೆಗೆದು ಮೊಬೈಲ್‌ನಲ್ಲಿ ಕೇಳಿ. ಇಷ್ಟು ಪಾಸಾದರೆ ಅದು ನಿಮ್ಮ ಸಾಫ್ಟ್‌ವೇರ್.

ಡಾಲರ್‌ನಲ್ಲಿ ಕೊಳ್ಳುವುದಾದರೆ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡ್‌ನ ಅಂತರರಾಷ್ಟ್ರೀಯ ವಹಿವಾಟನ್ನು ಆನ್ ಮಾಡಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ. ಲೈಸೆನ್ಸ್ ಫೈಲನ್ನು ಇಮೇಲ್‌ನಲ್ಲೂ ಪೆನ್‌ಡ್ರೈವ್‌ನಲ್ಲೂ ಇಡಿ. ಮೂಲ ರೆಕಾರ್ಡಿಂಗ್‌ನ ವೇವ್ ಫೈಲಿಗೂ ಎರಡು ಕಡೆ ಜಾಗ ಕೊಡಿ. ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ 10 ಎಂಬಿ ಆಸುಪಾಸು ಹಿಡಿಯುತ್ತದೆ, ಒಂದು ಗಂಟೆಗೆ 600 ಎಂಬಿ. ಅಷ್ಟು ಜಾಗ ಈಗ ಯಾರಿಗೂ ಭಾರವಲ್ಲ.

ಹೋದ ವರ್ಷ ಮತ್ತೆ ಅತ್ತೆಯ ಮನೆಗೆ ಹೋಗಿದ್ದೆ. ಈ ಸಲ ಎರಡು ಮೈಕ್ ಒಯ್ದಿದ್ದೆ. ಒಂದು ಅವರ ಮುಂದೆ, ಒಂದು ಕಲ್ಲಿನ ಹತ್ತಿರ. ಸೆಕೆ ಇದ್ದುದರಿಂದ ಫ್ಯಾನ್ ಆರಿಸಿ ಎನ್ನಲು ಮನಸ್ಸಾಗಲಿಲ್ಲ. ದನಿಯ ಟ್ರ್ಯಾಕ್ ಮೇಲೆ ಗದ್ದಲ ಇಳಿಸುವ ಪ್ಲಗಿನ್ ಕೂತಿದೆ, ಅದೂ ಅರ್ಧಕ್ಕೆ ಇಳಿಸಿ. ಕಲ್ಲಿನ ಟ್ರ್ಯಾಕ್ ಮೇಲೆ ಏನೂ ಹಾಕಿಲ್ಲ. ಫ್ಯಾನ್ ಸದ್ದು ಸ್ವಲ್ಪ ಕೇಳುತ್ತದೆ. ಕಲ್ಲಿನ ಸದ್ದು ಪೂರ್ತಿ ಕೇಳುತ್ತದೆ.